ಗುಂಡಿಯ ಬಳಿಯಲ್ಲಿ ನಿಲ್ಲುವವನು ಯಾರು?

ಧ್ಯಾನಕ್ಕಾಗಿ ಓದತಕ್ಕದ್ದು: ಆದಿಕಾಂಡ 37ನೆಯ ಅಧ್ಯಾಯ, 12ರಿಂದ 30ರ ವರೆಗೆ, 43ನೆಯ ಅಧ್ಯಾಯ, 8 ಮತ್ತು 9.



ಈ ತಿಂಗಳು ನಿಮ್ಮ ಮುಂದೆ ಇಡಲ್ಪಡುವ ವೇದಭಾಗವು ನಿಮಗೆ ಹೊಸದಲ್ಲ. ಆದಿತ್ಯವಾರದ ಶಾಲೆಗೆ ಬರುವ ಚಿಕ್ಕವರೂ ಯೋಸೇಫನ ಕಥೆಯನ್ನು ಬಲ್ಲರು. ಆದರೆ ಬಹು ಸಾರಿ ಕೇಳಿದ ಕಥೆಯಲ್ಲಿ ನಾವು ಯೋಸೇಫನನ್ನು ಮಾತ್ರ ನೋಡುತ್ತೇವೆ. ಅವನ ಸುತ್ತಲೂ ಇದ್ದವರನ್ನು ನೋಡದೆ ದಾಟಿಹೋಗುತ್ತೇವೆ. ಈ ಹೊತ್ತು ಅವರನ್ನೇ ನೋಡೋಣ. ಯಾಕಂದರೆ ಆ ಹುಡುಗನು ನಿಂತ ಸ್ಥಳದಲ್ಲಿ ಇಂದು ನಿಮ್ಮ ಊರಿನ ಮಕ್ಕಳು ನಿಂತಿದ್ದಾರೆ. ಅವನ ಸುತ್ತಲೂ ಇದ್ದವರ ಸ್ಥಳದಲ್ಲಿ ನೀವೂ ನಾನೂ ಇದ್ದೇವೆ.

ಯಾಕೋಬನು ಹೆಬ್ರೋನಿನ ತಗ್ಗಿನಿಂದ ತನ್ನ ಮಗನನ್ನು ಕಳುಹಿಸಿದನು. ದೂರದಲ್ಲಿ ಕುರಿ ಮೇಯಿಸುತ್ತಿದ್ದ ಅಣ್ಣಂದಿರ ಕ್ಷೇಮವನ್ನು ತಿಳಿದುಕೊಂಡು ಬರಬೇಕೆಂಬುದೇ ಅಪ್ಪಣೆ. ಹುಡುಗನಿಗೆ ವಯಸ್ಸು ಹದಿನೇಳು. ಅವನು ಶೆಕೆಮಿಗೆ ಬಂದು, ಅಣ್ಣಂದಿರನ್ನು ಕಾಣದೆ ಅಡವಿಯಲ್ಲಿ ಅಲೆಯುತ್ತಿರುವಾಗ, ಒಬ್ಬ ಮನುಷ್ಯನು ಅವನನ್ನು ಕಂಡು, ಅವನು ಹುಡುಕುತ್ತಿರುವದೇನೆಂದು ವಿಚಾರಿಸಿ, ದೋತಾನಿನ ದಾರಿಯನ್ನು ತಿಳಿಸಿದನು. ದೋತಾನಿನಲ್ಲಿ ಅಣ್ಣಂದಿರು ಅವನ ಅಂಗಿಯನ್ನು ಕಿತ್ತುಕೊಂಡು ಅವನನ್ನು ನೀರಿಲ್ಲದ ಗುಂಡಿಯಲ್ಲಿ ಹಾಕಿದರು. ಹಾಕಿದ ಮೇಲೆ ಊಟಕ್ಕೆ ಕೂತರು. ಹಿರಿಯನಾದ ರೂಬೇನನ ಮನಸ್ಸು ಮಾತ್ರ ಬೇರೆಯಾಗಿತ್ತು. ಹುಡುಗನನ್ನು ಮೆಲ್ಲಗೆ ಬಿಡಿಸಿ ತಂದೆಯ ಬಳಿಗೆ ಮುಟ್ಟಿಸಬೇಕೆಂಬ ಆಲೋಚನೆ ಅವನಲ್ಲಿತ್ತು. ಆದರೆ ಅವನು ಆ ಸ್ಥಳವನ್ನು ಬಿಟ್ಟು ಎಲ್ಲಿಯೋ ಹೋದನು. ಅಷ್ಟರಲ್ಲಿ ಗಿಲ್ಯಾದಿನಿಂದ ಐಗುಪ್ತಕ್ಕೆ ಹೋಗುವ ದಾರಿಯಲ್ಲಿ ವ್ಯಾಪಾರಿಗಳ ಒಂಟೆಸಾಲು ಬಂತು. ಇಪ್ಪತ್ತು ಬೆಳ್ಳಿಯ ನಾಣ್ಯಗಳಿಗೆ ಹುಡುಗನು ಮಾರಲ್ಪಟ್ಟನು. ರೂಬೇನನು ತಿರಿಗಿ ಬಂದು ಇಣಿಕಿದಾಗ ಗುಂಡಿಯು ಬರಿದಾಗಿತ್ತು. ಅವನು ತನ್ನ ಬಟ್ಟೆಗಳನ್ನು ಹರಿದುಕೊಂಡನು. ಹರಿದ ಬಟ್ಟೆಯಿಂದ ಹುಡುಗನಿಗೆ ಆದ ಉಪಕಾರವೇನು?

ಪ್ರಿಯರೇ, ದೋತಾನು ದೊಡ್ಡ ದಾರಿಯ ಬದಿಯಲ್ಲಿದ್ದ ಸ್ಥಳವೆಂಬುದನ್ನು ಗಮನಿಸಿರಿ. ದಾರಿಯಿಲ್ಲದ ಕಾಡಿನಲ್ಲಿ ಹುಡುಗನು ಗುಂಡಿಗೆ ಬಿದ್ದಿದ್ದರೆ ಕೊಳ್ಳುವವರು ಬರುತ್ತಿರಲಿಲ್ಲ. ಎಲ್ಲಿ ದಾರಿಗಳು ಕೂಡುತ್ತವೋ, ಎಲ್ಲಿ ಹೊರೆಯೂ ಹಣವೂ ಕೈಯಿಂದ ಕೈಗೆ ಹೋಗುತ್ತವೋ, ಅಲ್ಲಿಯೇ ಒಂಟಿಯಾದ ಮಗುವಿಗೆ ಬೆಲೆ ಕಟ್ಟುವವನೂ ಇರುವನು.

ಅಂಥ ದಾರಿಗಳು ಕೂಡುವ ಸ್ಥಳವೊಂದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬೆಂಗಳೂರಿನ ಮೂಡಣ ಬಾಗಿಲಲ್ಲಿ, ಹಳೇ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವಲ್ಲಿ, ಟಿನ್ ಫ್ಯಾಕ್ಟರಿ ಎಂಬ ನಿಲ್ದಾಣವುಂಟು. ಹೆಸರು ಕಾರ್ಖಾನೆಯದಾದರೂ ಜನರ ಬಾಯಲ್ಲಿ ಇಂದು ಅದು ಇಳಿಯುವ, ಹತ್ತುವ, ಕಾಯುವ ಸ್ಥಳದ ಹೆಸರೇ. ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿಂತಾಮಣಿ, ತಿರುಪತಿ, ಚೆನ್ನೈ ಕಡೆಗಳ ಬಸ್ಸುಗಳು ಅಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಳ್ಳುತ್ತವೆ. ಮಗ್ಗುಲಲ್ಲಿಯೇ ಕೃಷ್ಣರಾಜಪುರದ ರೈಲು ನಿಲ್ದಾಣ. ಹಳಿಗಳ ಮೇಲೆ 2003ರಲ್ಲಿ ತೆರೆಯಲ್ಪಟ್ಟ ತೂಗುಸೇತುವೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದ ವರೆಗೆ ಓಡಲಾರಂಭಿಸಿದ ಮೆಟ್ರೋ ರೈಲು. ಊರಿನಿಂದ ಕೂಲಿಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೊರಟವರು ನಗರದಲ್ಲಿ ಮೊದಲನೆಯ ಕಾಲನ್ನು ಊರುವದು ಬಹಳ ಮಟ್ಟಿಗೆ ಇಲ್ಲಿಯೇ.

ಅಲ್ಲಿ ನಿಂತು ನೋಡಿದರೆ ಆ ಪ್ರದೇಶವು ಒಂದೇ ಊರಲ್ಲ, ಹಲವು ನಡುಗಡ್ಡೆಗಳು ಎಂದು ತೋರುವದು. ಬೆನ್ನಿಗಾನಹಳ್ಳಿಯ ಹಳೆಯ ಮನೆಗಳು ಒಂದು ನಡುಗಡ್ಡೆ. 1948ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆಯ ಸುತ್ತ ಬೆಳೆದ ದೂರವಾಣಿನಗರವು ಇನ್ನೊಂದು. ರೈಲು ನಿಲ್ದಾಣದ ಕಟ್ಟೆ ಮತ್ತೊಂದು. ಕಟ್ಟಡ ಕೆಲಸದವರ ತಗಡಿನ ಗುಡಿಸಲುಗಳ ಸಾಲು ಇನ್ನೂ ಒಂದು. ಅಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರು ಅಕ್ಕಪಕ್ಕದಲ್ಲಿ ಮಲಗಿ ಎದ್ದರೂ ಒಬ್ಬರ ಹೆಸರನ್ನು ಒಬ್ಬರು ಅರಿಯರು. ನಡುವೆ ರಸ್ತೆಗಳು ತುಂಬಿದ ಹೊಳೆಗಳ ಹಾಗೆ ಹರಿಯುತ್ತವೆ. ಒಂದು ದಡದಲ್ಲಿ ಮಗುವು ಅತ್ತರೆ ಮತ್ತೊಂದು ದಡಕ್ಕೆ ಕೇಳಿಸದು. ಒಂದು ದಡದಲ್ಲಿ ಮಗುವು ಕಾಣೆಯಾದರೆ ಮತ್ತೊಂದು ದಡದವರು, ಅದು ನಮ್ಮ ಕಡೆಯದಲ್ಲ ಅನ್ನುವರು.

ಈಗ ನನ್ನ ತಪ್ಪನ್ನು ಅರಿಕೆಮಾಡುವೆನು. ಬೇರೆಯವರಿಗೆ ಬುದ್ಧಿಹೇಳುವವನು ತನ್ನದನ್ನು ಮರೆಮಾಡುವದು ನ್ಯಾಯವಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾನದಿಗೆ ಮಹಾಪೂರ ಬಂತು. ರಾಯಚೂರು ಸೀಮೆಯಲ್ಲಿ ಲಿಂಗಸುಗೂರು ತಾಲೂಕಿನ ನಡುಗಡ್ಡೆಗಳವರು, ನಾರಾಯಣಪುರದ ಅಣೆಕಟ್ಟಿನಿಂದ ನೀರು ಹೆಚ್ಚಾಗಿ ಬಿಡಲ್ಪಟ್ಟಾಗಲೆಲ್ಲಾ ಆಗುವಂತೆ, ದಡದ ಸಂಬಂಧವಿಲ್ಲದವರಾದರು. ಆ ಮಳೆಗಾಲ ಮುಗಿಯುವ ಮೊದಲು ಒಂದು ಶುಕ್ರವಾರ ರಾತ್ರಿ ನಾನು ಒಂದು ಕೂಟವನ್ನು ಮುಗಿಸಿಕೊಂಡು ಟಿನ್ ಫ್ಯಾಕ್ಟರಿಯಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದೆನು. ಸೇತುವೆಯ ಕಂಬದ ಬಳಿಯಲ್ಲಿ ಒಬ್ಬ ಹುಡುಗನು ಕೂತಿದ್ದನು; ಹನ್ನೆರಡು ವರುಷವಿದ್ದೀತು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಯಾವ ಊರಪ್ಪಾ ಎಂದು ಕೇಳಿದೆನು.

“ನಮ್ದು ಗಡ್ಡಿ ರೀ. ಸುತ್ತ ಹೊಳಿ ಐತ್ರಿ,” ಅಂದನು.

“ಯಾರ ಜೊತೆಗೆ ಬಂದೆ?”

“ಕಾಕಾ ಬರ್ತಾನ್ರಿ. ಇಲ್ಲೇ ಕುಂದ್ರು ಅಂದಾನ್ರಿ.”

“ಯಾವಾಗ ಹೋದರು?”

ಹುಡುಗನು ಉತ್ತರಕೊಡದೆ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡನು. ಅವನ ತುಟಿಯು ಒಣಗಿತ್ತು. ನನ್ನ ಮನಸ್ಸಿನಲ್ಲಿ ಏನೋ ಚುಚ್ಚಿದ ಹಾಗಾಯಿತು. ಇಲ್ಲಿ ಏನೋ ಸರಿಯಿಲ್ಲವೆಂದು ತಿಳಿದೆನು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಅದು ತಪ್ಪಿದರೆ ಮುಂದಿನದು ಯಾವಾಗಲೋ. ನಾನು ಅವನಿಗೆ ಒಂದು ಬಿಸ್ಕತ್ತಿನ ಪೊಟ್ಟಣವನ್ನು ಕೊಡಿಸಿ, ಎಲ್ಲಿಗೂ ಹೋಗಬೇಡವೆಂದು ಹೇಳಿ ಬಸ್ಸು ಹತ್ತಿದೆನು. ನಾಳೆ ಬೆಳಿಗ್ಗೆ ಮತ್ತೆ ಇದೇ ದಾರಿಯಲ್ಲಿ ಬರುವೆನಲ್ಲಾ, ಆಗ ನೋಡಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ನನ್ನ ಜೇಬಿನಲ್ಲಿ ಫೋನು ಇತ್ತು. ಒಂದು ಸೊನ್ನೆ ಒಂಬತ್ತು ಎಂಟು ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ನಾನು ಬಲ್ಲವನಾಗಿದ್ದೆನು. ಆದಿತ್ಯವಾರದ ಶಾಲೆಯಲ್ಲಿ ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನೂ ಆಗಿದ್ದೆನು. ಆದರೂ ಕರೆಮಾಡಲಿಲ್ಲ. ಮರುದಿನ ಆರೂವರೆ ಗಂಟೆಗೆ ನಾನು ಅಲ್ಲಿಗೆ ಬಂದಾಗ ಕಂಬವಿತ್ತು, ಹುಡುಗನಿರಲಿಲ್ಲ. ಎಳನೀರು ಮಾರುವವನನ್ನು ಕೇಳಿದೆನು, ಆಟೋದವರನ್ನು ಕೇಳಿದೆನು. ಯಾರೂ ನೋಡಿರಲಿಲ್ಲ. ಅವನ ಕಾಕಾ ಬಂದು ಕರಕೊಂಡು ಹೋಗಿದ್ದರೆ ದೇವರಿಗೆ ಸ್ತೋತ್ರ. ಬೇರೆ ಯಾರಾದರೂ ಕರಕೊಂಡು ಹೋಗಿದ್ದರೆ, ಆ ಮಗುವಿನ ಲೆಕ್ಕವನ್ನು ಕರ್ತನು ನನ್ನನ್ನೂ ಕೇಳುವನು. ನಾನು ಅವನ ಹೆಸರನ್ನು ಸಹ ಕೇಳಿರಲಿಲ್ಲ.

ಅಂದಿನಿಂದ ರೂಬೇನನ ಕಥೆಯನ್ನು ನಾನು ಓದುವಾಗಲೆಲ್ಲಾ ಅದು ನನ್ನ ಕಥೆಯೇ. ಆದದರಿಂದ ಅದರಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಳುವೆನು.

ಮೊದಲನೆಯದಾಗಿ, ಅಡವಿಯಲ್ಲಿದ್ದ ಆ ಮನುಷ್ಯನನ್ನು ನೋಡಿರಿ. ಅವನ ಹೆಸರು ಬರೆಯಲ್ಪಟ್ಟಿಲ್ಲ. ಆದರೂ ಅಲೆಯುತ್ತಿದ್ದ ಹುಡುಗನನ್ನು ಕಂಡು ವಿಚಾರಿಸಿದವನು ಅವನೊಬ್ಬನೇ. ಇದು ಚಿಕ್ಕ ಕೆಲಸವಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಒಂಟಿಯಾದ ಮಗುವನ್ನು ನೂರು ಜನರು ನೋಡುವರು. ವಿಚಾರಿಸುವವನು ಒಬ್ಬನೂ ಇಲ್ಲದೆ ಹೋಗಬಹುದು. ನೀವು ವಿಚಾರಿಸಿರಿ. ಆದರೆ ಪೊಲೀಸಿನವರ ಹಾಗೆ ಗದರಿಸಬೇಡಿರಿ. ಮಗುವಿನ ಎತ್ತರಕ್ಕೆ ಕೂತು, ಎಲ್ಲರಿಗೂ ಕಾಣುವ ಬೆಳಕಿನ ಸ್ಥಳದಲ್ಲಿ ಮಾತಾಡಿಸಿರಿ. ಹೆಸರೇನು, ಊಟವಾಯಿತೇ, ಯಾರ ಜೊತೆಗೆ ಬಂದದ್ದು ಎಂದು ಕೇಳಿರಿ. ಮೈಮುಟ್ಟಬೇಡಿರಿ, ಮರೆಗೆ ಕರಕೊಂಡು ಹೋಗಬೇಡಿರಿ, ಫೋಟೋ ತೆಗೆದು ಊರಿಗೆಲ್ಲಾ ಕಳುಹಿಸಬೇಡಿರಿ. ಮಗುವಿಗೆ ಯಾವ ಮೋಸವಾದರೂ ಆಗಿದೆಯೆಂದು ತೋರಿದರೆ, ಅದನ್ನು ಕೆದಕಿ ಕೆದಕಿ ಹೇಳಿಸಬೇಡಿರಿ. ಹಾಗೆ ಕೇಳುವದಕ್ಕೆ ತರಬೇತು ಪಡೆದವರಿದ್ದಾರೆ. ನಿಮ್ಮ ಕೆಲಸವು ನಂಬುವದೂ ತಿಳಿಸುವದೂ ಆಗಿದೆ.

ಆದರೂ ಆ ಮನುಷ್ಯನಲ್ಲಿ ಒಂದು ಕೊರತೆಯುಂಟು. ಅವನು ದಾರಿಯನ್ನು ತೋರಿಸಿದನು, ಜೊತೆಗೆ ಹೋಗಲಿಲ್ಲ. ಅವನು ತೋರಿಸಿದ ದಾರಿಯು ಗುಂಡಿಗೇ ಹೋಯಿತು. ಅವನಿಗೆ ಅದು ತಿಳಿಯದು, ಸರಿ. ಆದರೆ ನಾವು ಬಲ್ಲೆವು.

ಎರಡನೆಯದಾಗಿ, ಊಟಕ್ಕೆ ಕೂತವರನ್ನು ನೋಡಿರಿ. ವೇದದಲ್ಲಿ ಇದಕ್ಕಿಂತ ಭಯಂಕರವಾದ ಊಟವನ್ನು ಹುಡುಕುವದು ಕಷ್ಟ. ಗುಂಡಿಯು ಕೂಗಿದರೆ ಕೇಳಿಸುವಷ್ಟು ಹತ್ತರ. ಹುಡುಗನು ಬೇಡಿಕೊಂಡದ್ದೂ ಅವರು ಕೇಳಿದ್ದೂ ನಿಜವೆಂದು ಅವರೇ ಬಹಳ ವರುಷಗಳ ಮೇಲೆ ಐಗುಪ್ತದಲ್ಲಿ ಒಬ್ಬರಿಗೊಬ್ಬರು ಒಪ್ಪಿಕೊಂಡರು. 42ನೆಯ ಅಧ್ಯಾಯದಲ್ಲಿ ಅದು ಬರೆದದೆ. ಕಿವಿಯು ಕೇಳಿತು, ಕೈಯು ರೊಟ್ಟಿ ಮುರಿಯಿತು.

ನಮ್ಮ ಊರುಗಳಲ್ಲಿ ಈ ಊಟವು ನಡೆಯುತ್ತಿಲ್ಲವೋ? ಸಾಲ ತೀರುವದೆಂದು ಹನ್ನೊಂದು ವರುಷದ ಹುಡುಗಿಯನ್ನು ಗುರುತಿಲ್ಲದ ಮಧ್ಯಸ್ಥಗಾರನ ಜೊತೆಗೆ ಮನೆಗೆಲಸಕ್ಕೆ ಕಳುಹಿಸಿ, ತಿಂಗಳಿಗೊಮ್ಮೆ ಬರುವ ಹಣವನ್ನು ಎಣಿಸಿಕೊಂಡು, ಅವಳು ಫೋನಿನಲ್ಲಿ ಅತ್ತರೆ ಅಭ್ಯಾಸವಾಗುವದು ಅಂದವರು ನಮ್ಮಲ್ಲಿ ಇಲ್ಲವೋ? ಹದಿನಾಲ್ಕು ವರುಷಕ್ಕೆ ಕೆಳಗಿನ ಮಗುವನ್ನು ಕೂಲಿಕೆಲಸಕ್ಕೆ ಇಡಬಾರದೆಂದೂ, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಾಕಬಾರದೆಂದೂ 2016ರಲ್ಲಿ ತಿದ್ದಲ್ಪಟ್ಟ ಬಾಲಕಾರ್ಮಿಕ ಕಾಯಿದೆಯು ಹೇಳುತ್ತದೆ. ಹುಡುಗಿಗೆ ಹದಿನೆಂಟೂ ಹುಡುಗನಿಗೆ ಇಪ್ಪತ್ತೊಂದೂ ತುಂಬದ ಮದುವೆಯನ್ನು 2006ರ ಕಾಯಿದೆಯು ನಿಷೇಧಿಸುತ್ತದೆ; ನಮ್ಮ ರಾಜ್ಯದ ತಿದ್ದುಪಡಿಯು ಅಂಥದನ್ನು ಮದುವೆಯೆಂದೇ ಎಣಿಸುವದಿಲ್ಲ. ಹೀಗಿರಲಾಗಿ, ಸಭೆಯವರು ಆಮಂತ್ರಣವೆಂದು ಹೋಗಿ ಅಂಥ ಚಪ್ಪರದ ಕೆಳಗೆ ಊಟಕ್ಕೆ ಕೂತರೆ, ದೋತಾನಿನ ಪಂಕ್ತಿಯಲ್ಲಿಯೇ ಕೂತ ಹಾಗಲ್ಲವೋ?

ಇನ್ನೊಂದು ಮಾತನ್ನು ದುಃಖದಿಂದ ಹೇಳಬೇಕಾಗಿದೆ. ಯೋಸೇಫನನ್ನು ಗುಂಡಿಗೆ ಹಾಕಿದವರು ಪರದೇಶದವರಲ್ಲ, ಸ್ವಂತ ಅಣ್ಣಂದಿರು. ಮಗುವಿಗೆ ಕೇಡುಮಾಡುವವನು ಕತ್ತಲೆಯಲ್ಲಿ ಬರುವ ಅಪರಿಚಿತನೇ ಎಂದು ನಾವು ಭಾವಿಸುತ್ತೇವೆ. ಬಹಳ ಸಾರಿ ಅವನು ಮನೆಯವನೇ, ನೆರೆಯವನೇ, ಪಾಠ ಹೇಳುವವನೇ, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳುವವನೇ ಆಗಿರುವನು. ಆಗ ಹಿರಿಯರು ಸೇರಿ, ಸಭೆಯ ಮಾನ ಹೋಗುವದು, ಹುಡುಗಿಯ ಮದುವೆಗೆ ಅಡ್ಡಿಯಾಗುವದು, ಅನ್ಯರು ನಗುವರು ಎಂದು ಮಾತನ್ನು ಮುಚ್ಚಿಬಿಡುವದುಂಟು. ಯಾಜಕನಾದ ಏಲಿಯು ತನ್ನ ಮಕ್ಕಳ ದುಷ್ಟತನವನ್ನು ಕೇಳಿ ಬಾಯಿಮಾತಿನಿಂದ ಗದರಿಸಿದನೇ ಹೊರತು ಅವರನ್ನು ತಡೆಯಲಿಲ್ಲ. ಅದಕ್ಕಾಗಿ ಅವನ ಮನೆಯ ಮೇಲೆ ನ್ಯಾಯತೀರ್ಪು ಬಂತು. ಆ ತೀರ್ಪು ಕೂಡ ಸಮುವೇಲನೆಂಬ ಒಬ್ಬ ಬಾಲಕನ ಬಾಯಿಂದಲೇ ಅವನಿಗೆ ಮುಟ್ಟಿತು. ಮಕ್ಕಳ ಮಾತನ್ನು ಹಗುರವಾಗಿ ಎಣಿಸುವ ಹಿರಿಯರು ಇದನ್ನು ಎರಡು ಸಾರಿ ಓದಲಿ.

ಪೋಕ್ಸೋ ಎಂದು ಕರೆಯಲ್ಪಡುವ 2012ರ ಕಾಯಿದೆಯ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ ಆರು ತಿಂಗಳ ವರೆಗೂ, ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿದರೆ ಒಂದು ವರುಷದ ವರೆಗೂ ಸೆರೆಯಾಗಬಹುದು. ಮಗುವಿನ ಗುರುತನ್ನು ಬಯಲುಮಾಡುವದೂ ಅಪರಾಧವೇ. ಆದಕಾರಣ ತಿಳಿಸತಕ್ಕವರಿಗೆ ತಿಳಿಸಿರಿ. ಹೊಳೆಯ ದಂಡೆಯಲ್ಲಿಯೂ ಬಾವಿಕಟ್ಟೆಯಲ್ಲಿಯೂ ಆಡಬೇಡಿರಿ. ಸಭೆಯ ಮಾನವು ಮುಚ್ಚುವದರಲ್ಲಿ ಇಲ್ಲ. ಮಗುವು ನಿರ್ಭಯವಾಗಿ ಬಂದು ಹೇಳಬಲ್ಲ ಸಭೆಗೇ ಮಾನವುಂಟು.

ಮೂರನೆಯದಾಗಿ, ರೂಬೇನನನ್ನು ನೋಡಿರಿ. ಅವನಲ್ಲಿ ಪ್ರೀತಿಯಿತ್ತು, ಯುಕ್ತಿಯಿತ್ತು, ಹಿರಿತನವೂ ಇತ್ತು. ಹುಡುಗನ ಪ್ರಾಣವನ್ನು ಅವನೇ ಉಳಿಸಿದನು. ಅವನಲ್ಲಿ ಇಲ್ಲದ್ದು ಒಂದೇ: ತಾನು ಹೋಗುವಾಗ ತನ್ನ ಸ್ಥಳದಲ್ಲಿ ಮತ್ತೊಬ್ಬನನ್ನು ನಿಲ್ಲಿಸಲಿಲ್ಲ. ಒಳ್ಳೇ ಮನಸ್ಸು ಮಗುವನ್ನು ಕಾಯುವದಿಲ್ಲ. ಗುಂಡಿಯ ಬಳಿಯಲ್ಲಿ ನಿಲ್ಲುವ ಕಾಲು ಕಾಯುವದು. ಆ ಕಾಲು ದಣಿದರೆ, ಮಗುವಿನ ಕೈಯನ್ನು ಬಿಡದೆ ಮತ್ತೊಬ್ಬನ ಕೈಗೆ ಒಪ್ಪಿಸಬೇಕು.

ಮೋಶೆಯ ಅಕ್ಕನು ಇದನ್ನು ಬಲ್ಲವಳಾಗಿದ್ದಳು. ಕೂಸು ಆಪಿನ ಪೆಟ್ಟಿಗೆಯಲ್ಲಿ ನೀರಿನ ಮೇಲಿದ್ದಾಗ ಅವಳು ದೂರದಲ್ಲಿ ನಿಂತು ಕಾದಳು. ರಾಜಕುಮಾರಿಯು ಅದನ್ನು ಎತ್ತಿಕೊಂಡ ಕ್ಷಣದಲ್ಲಿ ಓಡಿಬಂದು, ಕೂಸನ್ನು ಸಾಕುವದಕ್ಕೆ ತಾಯಿಯನ್ನೇ ಕರತಂದಳು. ನಿಂತಳು, ನೋಡಿದಳು, ಸರಿಯಾದ ಕೈಗೆ ಒಪ್ಪಿಸಿದಳು. ಇಂದು ಮಕ್ಕಳ ರಕ್ಷಣೆಗೆ ಸ್ವಇಚ್ಛೆಯಿಂದ ದುಡಿಯುವವರ ಕೆಲಸವೆಲ್ಲಾ ಈ ಮೂರರಲ್ಲಿ ಅಡಗಿದೆ.

ಕೈಯಿಂದ ಕೈಗೆ ಒಪ್ಪಿಸುವ ಈ ಏರ್ಪಾಟು ನಮ್ಮ ದೇಶದಲ್ಲಿ ಹೇಗುಂಟೆಂದು ಎಲ್ಲರೂ ತಿಳಿದಿರತಕ್ಕದ್ದು. 1098 ಎಂಬ ಸಹಾಯವಾಣಿಯು 1996ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 2023ರಿಂದ ಸರ್ಕಾರವೇ ಅದನ್ನು ನಡಿಸುತ್ತಿದೆ. ಆ ಕರೆಗೆ ಹಣವಿಲ್ಲ. ರಾತ್ರಿಯಾಗಲಿ ಹಗಲಾಗಲಿ ಉತ್ತರ ಸಿಕ್ಕುವದು. 112 ಎಂಬ ಸಂಖ್ಯೆಗೆ ಕರೆದರೆ ಪೊಲೀಸರು ಬರುವರು. ರೈಲು ನಿಲ್ದಾಣಗಳಲ್ಲಿ ರೈಲ್ವೆ ರಕ್ಷಣಾ ದಳದವರು 2018ರಿಂದ ಒಂಟಿಯಾದ ಮಕ್ಕಳನ್ನು ಹುಡುಕಿ ಕಾಪಾಡುವ ಒಂದು ಕೆಲಸವನ್ನು ನಡಿಸುತ್ತಾರೆ. ಅದಕ್ಕೆ ಹಿಂದಿಯಲ್ಲಿ ಚಿಕ್ಕ ದೇವದೂತರು ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಚಿಕ್ಕವರ ದೂತರು ಪರಲೋಕದಲ್ಲಿ ತಂದೆಯ ಮುಖವನ್ನು ಯಾವಾಗಲೂ ನೋಡುತ್ತಿರುವರೆಂಬ ಸ್ವಾಮಿಯ ಉಪದೇಶವನ್ನು ಬಲ್ಲ ನಮಗೆ ಆ ಹೆಸರು ಹೊಸದಾಗಿ ತೋರಬಾರದು.

ಹೀಗೆ ಸಿಕ್ಕಿದ ಮಗುವನ್ನು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಪ್ರಯಾಣದ ಹೊತ್ತನ್ನು ಬಿಟ್ಟು, ಇಪ್ಪತ್ತುನಾಲ್ಕು ತಾಸುಗಳ ಒಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅದರಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವರು. ಸದಸ್ಯರಲ್ಲಿ ಒಬ್ಬರಾದರೂ ಹೆಂಗಸಾಗಿರತಕ್ಕದ್ದು. ಮಗುವು ಮನೆಗೆ ಹೋಗುವದೋ, ಮನೆಯೇ ಅಪಾಯವಾದರೆ ಬೇರೆ ಆಶ್ರಯದಲ್ಲಿರುವದೋ ಎಂದು ವಿಚಾರಿಸಿ ನಿರ್ಣಯಿಸುವವರು ಅವರೇ. ಮಗುವನ್ನು ಕುಟುಂಬಕ್ಕೆ ಸೇರಿಸುವದು ಮೊದಲು, ಅನಾಥಶಾಲೆಯು ಕಡೆಯ ದಾರಿ ಎಂಬದೇ ಕಾಯಿದೆಯ ತತ್ವ.

ಇದನ್ನು ಒತ್ತಿ ಹೇಳುವದಕ್ಕೆ ಕಾರಣವುಂಟು. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ ತಂದೆತಾಯಿಗಳು ಸತ್ತು ದಿಕ್ಕಿಲ್ಲದೆ ಉಳಿದ ಮಕ್ಕಳಿಗಾಗಿ ಮಿಷನುಗಳವರು ಅನಾಥಶಾಲೆಗಳನ್ನು ತೆರೆದರು. ಇಂದಿನ ಕರ್ನಾಟಕದ ಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1896-97ರ ಬರಗಾಲದಲ್ಲಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ, ನೂರಾರು ಹುಡುಗಿಯರನ್ನು ಹಸಿವೆಯಿಂದಲೂ ದುಷ್ಟರ ಕೈಯಿಂದಲೂ ಬಿಡಿಸಿದರು. ಅವರ ಧೈರ್ಯವು ನಮಗೆ ಬೇಕು. ಆದರೆ ಆ ಕಾಲದಲ್ಲಿ ಮಗುವನ್ನು ಒಪ್ಪಿಸುವದಕ್ಕೆ ಇಂಥ ಸಮಿತಿಯಿರಲಿಲ್ಲ, ಇಂದು ಉಂಟು. ಆದದರಿಂದ ಕರುಣೆಯಿಂದಲೇ ಆಗಲಿ, ಸಿಕ್ಕಿದ ಮಗುವನ್ನು ತಿಳಿಸದೆ ನಿಮ್ಮ ಮನೆಯಲ್ಲಿ ಅಥವಾ ಪಾದ್ರಿಯವರ ಮನೆಯಲ್ಲಿ ಇಟ್ಟುಕೊಳ್ಳಬಾರದು. ಮಗುವನ್ನು ಹುಡುಕುತ್ತಿರುವ ಒಬ್ಬ ತಾಯಿಯು ಎಲ್ಲಿಯೋ ಇರಬಹುದು. ರಕ್ತದಲ್ಲಿ ಅದ್ದಿದ ಅಂಗಿಯನ್ನು ನೋಡಿ ಯಾಕೋಬನು ಎಷ್ಟು ವರುಷ ಅತ್ತನು! ಮಗನು ಬದುಕಿದ್ದಾನೆಂದು ಅವನಿಗೆ ತಿಳಿಸುವವರಿರಲಿಲ್ಲ.

ಕಡೆಗೆ, ಯೆಹೂದನನ್ನು ನೋಡಿರಿ. ತಮ್ಮನನ್ನು ಮಾರೋಣವೆಂದು ಆಲೋಚನೆ ಕೊಟ್ಟವನು ಅವನೇ. ಆದರೆ ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳುಹಿಸಬೇಕಾದ ದಿನ ಬಂದಾಗ ಅದೇ ಯೆಹೂದನು ತಂದೆಯ ಮುಂದೆ ನಿಂತು, ಹುಡುಗನಿಗೆ ತಾನೇ ಹೊಣೆಯೆಂದೂ, ಅವನನ್ನು ತಿರಿಗಿ ತರದಿದ್ದರೆ ದೋಷವು ಕಡೆಯ ವರೆಗೂ ತನ್ನ ಮೇಲಿರಲೆಂದೂ ಹೇಳಿದನು. ಐಗುಪ್ತದಲ್ಲಿ ಅಪಾಯ ಬಂದಾಗ ಹುಡುಗನಿಗೆ ಬದಲಾಗಿ ದಾಸನಾಗುವದಕ್ಕೆ ತನ್ನನ್ನೇ ಒಪ್ಪಿಸಿದನು. ಪ್ರಿಯರೇ, ಒಂದು ಕಾಲದಲ್ಲಿ ಮಗುವನ್ನು ಕೈಬಿಟ್ಟವನನ್ನು ದೇವರು ಮಗುವಿಗೆ ಹೊಣೆಯಾಗಿ ಮಾರ್ಪಡಿಸಬಲ್ಲನು. ಆ ಕಂಬದ ಬಳಿಯ ಹುಡುಗನನ್ನು ನೆನಸಿ ನಾನು ಎದೆಗುಂದುವಾಗ ನನಗೆ ಇರುವ ನಿರೀಕ್ಷೆಯು ಇದೊಂದೇ. ಎಲ್ಲರೂ ನೋಡಿಕೊಳ್ಳುವರು ಅಂದರೆ ಯಾರೂ ನೋಡಿಕೊಳ್ಳುವದಿಲ್ಲ. ಒಬ್ಬನು ಹೆಸರು ಹೇಳಿ ಹೊಣೆಯಾಗಬೇಕು.

ಆದಕಾರಣ ಈ ತಿಂಗಳು ಪ್ರತಿ ಸಭೆಯು ಒಂದು ಕೆಲಸವನ್ನು ಮಾಡಲಿ. ಪ್ರಾರ್ಥನೆಮಾಡಿ ಒಬ್ಬ ಹೆಂಗಸನ್ನೂ ಒಬ್ಬ ಗಂಡಸನ್ನೂ ಮಕ್ಕಳ ಹೊಣೆಗಾರರಾಗಿ ಆರಿಸಲಿ. ಅವರ ನಡತೆಯನ್ನು ಮೊದಲು ಚೆನ್ನಾಗಿ ವಿಚಾರಿಸಲಿ. ಭಕ್ತಿಯ ಮಾತಿಗೆ ಮಾತ್ರ ಮರುಳಾಗಬಾರದು. ಅವರು ಯಾವ ಮಗುವಿನ ಸಂಗಡಲೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು. ಪಾದ್ರಿಗೂ ಉಪದೇಶಿಗೂ ಇದೇ ನಿಯಮ. ಊರಿನಿಂದ ಯಾವ ಹುಡುಗನಾಗಲಿ ಹುಡುಗಿಯಾಗಲಿ ಓದಿಗೋ ಕೆಲಸಕ್ಕೋ ಹೊರಟರೆ, ಕರಕೊಂಡು ಹೋಗುವವರು ಯಾರು, ಎಲ್ಲಿಗೆ, ಅಲ್ಲಿನ ವಿಳಾಸವೂ ಫೋನ್ ಸಂಖ್ಯೆಯೂ ಏನು ಎಂದು ಒಂದು ಪುಸ್ತಕದಲ್ಲಿ ಬರೆದು, ಬೀಗದೊಳಗೆ ಇಡಲಿ. ಹೋಗುವ ಮಗುವಿಗೆ 1098ನ್ನೂ ತಾಯಿಯ ಫೋನ್ ಸಂಖ್ಯೆಯನ್ನೂ ಬಾಯಿಪಾಠ ಮಾಡಿಸಲಿ. ಮುಟ್ಟಿದ ದಿನವೇ ಮಗುವಿನ ಸ್ವರವನ್ನು ಕೇಳಲಿ. ಕರಕೊಂಡು ಹೋದವನ ಸ್ವರವು ಸಾಲದು. ಬೆಂಗಳೂರಿನಲ್ಲಿರುವ ನಿಮ್ಮ ಊರಿನವರಲ್ಲಿ ನಂಬಿಗಸ್ತರಾದವರನ್ನು ಗುರುತಿಸಿ, ಮಗುವು ಟಿನ್ ಫ್ಯಾಕ್ಟರಿಯಲ್ಲಿ ಇಳಿಯುವ ಹೊತ್ತಿಗೆ ಒಬ್ಬರು ಅಲ್ಲಿ ನಿಂತಿರುವಂತೆ ಏರ್ಪಡಿಸಲಿ. ಗ್ರಾಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಯಲ್ಲಿಯೂ ಮಕ್ಕಳ ಗ್ರಾಮಸಭೆಯಲ್ಲಿಯೂ ನಿಮ್ಮ ಹೊಣೆಗಾರರು ಕೂತು, ಅಂಗನವಾಡಿಯವರೂ ಆಶಾ ಕಾರ್ಯಕರ್ತೆಯರೂ ಶಾಲೆಯ ಗುರುಗಳೂ ಹೇಳುವದನ್ನು ಕೇಳಲಿ. ಅಲ್ಲಿ ನಮ್ಮ ಸಭೆಯ ಮಕ್ಕಳು, ಪರರ ಮಕ್ಕಳು ಎಂಬ ಭೇದ ಬೇಡ. ಗಾಯಪಟ್ಟವನ ಜಾತಿಯನ್ನು ಸಮಾರ್ಯದವನು ಕೇಳಲಿಲ್ಲ.

ಇಷ್ಟನ್ನು ಒಂದೊಂದು ಊರು ಮಾಡಿದರೆ ನಡುಗಡ್ಡೆಗಳ ನಡುವೆ ಹರಿಗೋಲು ಓಡಾಡಿದ ಹಾಗಾಗುವದು. ಒಂದು ದಡದಲ್ಲಿ ಕೂಗಿದರೆ ಮತ್ತೊಂದು ದಡದಲ್ಲಿ ಓಗೊಡುವವರಿರುವರು.

ಯೆಶಾಯನ ಪುಸ್ತಕದ 42ನೆಯ ಅಧ್ಯಾಯವನ್ನು ಈ ಸಾಯಂಕಾಲ ಮನೆಯಲ್ಲಿ ಓದಿರಿ. ಕರ್ತನ ಸೇವಕನು ಜಜ್ಜಿದ ದಂಟನ್ನು ಮುರಿಯದವನು, ಆರಿಹೋಗುತ್ತಿರುವ ಬತ್ತಿಯನ್ನು ನಂದಿಸದವನು ಎಂದು ಪ್ರವಾದಿಯು ಸಾರಿದ ಮೇಲೆ, ಅದರ ಮರುವಚನದಲ್ಲಿಯೇ ದ್ವೀಪಗಳವರು ಆತನ ಉಪದೇಶಕ್ಕಾಗಿ ಕಾದುಕೊಂಡಿರುವರೆಂದು ಹೇಳುತ್ತಾನೆ. ನಡುಗಡ್ಡೆಗಳವರು ಕಾಯುತ್ತಿದ್ದಾರೆ, ಪ್ರಿಯರೇ. ಕಂಬದ ಬಳಿಯಲ್ಲಿ ಚೀಲವನ್ನು ಹಿಡಿದುಕೊಂಡು ಒಂದು ಮಗುವು ಈ ರಾತ್ರಿಯೂ ಯಾರೋ ಬರುವರೆಂದು ಕಾಯುತ್ತಿರಬಹುದು. ಬಸ್ಸು ಹೋದರೆ ಹೋಗಲಿ. ಇನ್ನೊಂದು ಬಸ್ಸು ಬರುವದು.

ಪ್ರಾರ್ಥನೆ: ಅಡವಿಯಲ್ಲಿ ಹಾಗರಳ ಮಗನ ಸ್ವರವನ್ನು ಅವನಿದ್ದ ಸ್ಥಳದಲ್ಲಿಯೇ ಕೇಳಿದ ದೇವರೇ, ನಾವು ಕೇಳದೆ ಬಿಟ್ಟ ಸ್ವರಗಳನ್ನು ನೀನು ಕೇಳಿದ್ದೀ. ನಮ್ಮ ತಪ್ಪನ್ನು ಕ್ಷಮಿಸು. ನಾವು ಹೆಸರು ಕೇಳದೆ ದಾಟಿಬಂದ ಮಕ್ಕಳನ್ನು ನೀನು ಹೆಸರು ಹಿಡಿದು ಕಾಪಾಡು. ನಮ್ಮ ಕಾಲುಗಳಿಗೆ ನಿಲ್ಲುವ ಬಲವನ್ನೂ, ನಮ್ಮ ಬಾಯಿಗಳಿಗೆ ತಿಳಿಸುವ ಧೈರ್ಯವನ್ನೂ, ನಮ್ಮ ಸಭೆಗಳಿಗೆ ಹೊಣೆಯಾಗುವ ಮನಸ್ಸನ್ನೂ ಕೊಡು. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ನಿನ್ನ ಮಗನಾದ ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.